ಅರವತ್ತೇಳು ಒಂದುಗಳ ಸಂಖ್ಯೆಯನ್ನು ಒಡೆದ ದಿನಚರಿ

147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆ 2⁶⁷ − 1. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ ಅರವತ್ತೇಳು ಒಂದುಗಳು ನಿಲ್ಲುತ್ತವೆ; ನಡುವೆ ಒಂದೇ ಒಂದು ಸೊನ್ನೆಯೂ ಇಲ್ಲ. 1644ರಲ್ಲಿ ಮಾರೆನ್ ಮರ್ಸೆನ್ ಪ್ರಕಟಿಸಿದ ಪಟ್ಟಿಯಲ್ಲಿ ಇದನ್ನು ಅವಿಭಾಜ್ಯವೆಂದು ಸೇರಿಸಲಾಗಿತ್ತು. 1876ರಲ್ಲಿ ಎಡ್ವರ್ಡ್ ಲ್ಯೂಕಾ ಇದು ಸಂಯುಕ್ತ ಸಂಖ್ಯೆಯೆಂದು ಸಾಧಿಸಿದರು, ಆದರೆ ಇದನ್ನು ಭಾಗಿಸುವ ಒಂದು ಸಂಖ್ಯೆಯೂ ಅವರ ಕೈಯಲ್ಲಿ ಇರಲಿಲ್ಲ. ಅಪವರ್ತನಗಳು ಹೊರಬಿದ್ದದ್ದು 1903ರ ಅಕ್ಟೋಬರ್ 31ರಂದು, ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಅವರು ಅವನ್ನು ಮುಂದಿಟ್ಟಾಗ. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದಕ್ಕೂ ಎಲ್ಲಿ ಒಡೆಯುತ್ತದೆ ಎಂದು ತಿಳಿಯುವುದಕ್ಕೂ ನಡುವೆ ಇಪ್ಪತ್ತೇಳು ವರ್ಷಗಳ ಅಂತರ ಇರಬಹುದು ಎಂಬ ಸಂಗತಿಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ನಾನು ಹಾಕಿಕೊಂಡ ಗುರಿ ಮೂರು ಭಾಗದ್ದು. ದೊಡ್ಡ ಸಂಖ್ಯೆಗಳಿಗೆಂದು ಸಿದ್ಧವಾಗಿ ಸಿಗುವ ಯಾವ ಲೈಬ್ರರಿಯನ್ನೂ ಬಳಸದೆ, ಸಿ ಭಾಷೆಯಲ್ಲಿ ಮೊದಲಿನಿಂದ ಬರೆದ ಒಂದು ಪ್ರೋಗ್ರಾಂ ಈ ಸಂಖ್ಯೆ ಸಂಯುಕ್ತವೆಂದು ಲ್ಯೂಕಾ ಅವರ ದಾರಿಯಲ್ಲಿಯೇ ಹೇಳಬೇಕು. ಬಳಿಕ ಅದನ್ನು ಒಡೆಯಬೇಕು. ಕೊನೆಗೆ, ಸಿಕ್ಕ ತುಂಡುಗಳು ಮತ್ತೆ ಒಡೆಯುವುದಿಲ್ಲ ಎಂಬುದಕ್ಕೆ ಊಹೆಯಲ್ಲದ ಪುರಾವೆ ಕೊಡಬೇಕು. ಪ್ರೋಗ್ರಾಂ ಎಲ್ಲೆಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂಬುದನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ.

ಮೊದಲ ದಿನ ಕೈಗೆತ್ತಿಕೊಂಡದ್ದು ಲ್ಯೂಕಾ–ಲೆಹ್ಮರ್ ಪರೀಕ್ಷೆ. ಲ್ಯೂಕಾ ಅವರ ವಿಚಾರಕ್ಕೆ 1930ರಲ್ಲಿ ಡಿ. ಎಚ್. ಲೆಹ್ಮರ್ ಕೊಟ್ಟ ರೂಪ ಇಷ್ಟು ಸರಳ: 4ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ಇರುವ ಸಂಖ್ಯೆಯನ್ನು ವರ್ಗ ಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳುತ್ತಾ ಹೋಗುವುದು. ಘಾತಾಂಕ ಬೆಸ ಅವಿಭಾಜ್ಯವಾಗಿದ್ದು, ಅದಕ್ಕಿಂತ ಎರಡು ಕಡಿಮೆ ಹೆಜ್ಜೆಗಳ ಕೊನೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬೇರೇನು ಬಂದರೂ ಸಂಯುಕ್ತ. ನಮ್ಮ ಸಂಖ್ಯೆಗೆ ಬೇಕಾದದ್ದು ಕೇವಲ 65 ಹೆಜ್ಜೆ. ಭಾಗಾಕಾರವನ್ನೂ ಮಾಡಬೇಕಿಲ್ಲ, ಏಕೆಂದರೆ 2⁶⁷ ಅನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಗುಣಲಬ್ಧದ ಕೆಳಗಿನ 67 ಬಿಟ್‌ಗಳನ್ನು (ದ್ವಿಮಾನ ಅಂಕಿಗಳನ್ನು) ಒಂದು ಕಡೆ ಇಟ್ಟು, ಮೇಲೆ ಉಳಿದ ಭಾಗವನ್ನು ಮಡಚಿ ಅದಕ್ಕೆ ಕೂಡಿಸಿದರೆ ಸಾಕು.

ದೊಡ್ಡದಕ್ಕೆ ಹೋಗುವ ಮುನ್ನ 2⁷ − 1, ಅಂದರೆ 127ರ ಮೇಲೆ ಓಡಿಸಿ ನೋಡಿದೆ. ಕೈಲೆಕ್ಕದಲ್ಲಿ ಸಾಲು ಹೀಗೆ ಬರಬೇಕು: 4, 14, 67, 42, 111, 0. ಪ್ರೋಗ್ರಾಂ ಮಾತ್ರ 127 ಸಂಯುಕ್ತವೆಂದು ಬರೆಯಿತು. ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಬರಿಸಿ ನೋಡಿದಾಗ ಕಾರಣ ಕಂಡಿತು. 111ರ ವರ್ಗ 12321. ಅದನ್ನು 128ರಲ್ಲಿ ಮಡಚಿದರೆ 96 ಮತ್ತು 33, ಕೂಡಿದರೆ 129. ಇನ್ನೊಮ್ಮೆ ಮಡಚಿದರೆ 2. ಇಲ್ಲಿ 2 ಕಳೆದರೆ ಸೊನ್ನೆ. ಆದರೆ ವ್ಯವಕಲನದಲ್ಲಿ ಋಣ ಸಂಖ್ಯೆ ಬರಬಾರದೆಂದು ನಾನು 2 ಕಳೆಯುವ ಬದಲು 125 ಕೂಡಿಸುವಂತೆ ಬರೆದಿದ್ದೆ. ಹಾಗಾಗಿ ಬಂದ ಉತ್ತರ 127. ಈ ಅಂಕಗಣಿತದಲ್ಲಿ ಸೊನ್ನೆಗೆ ಎರಡು ವೇಷ: ಎಲ್ಲ ಬಿಟ್‌ಗಳೂ ಸೊನ್ನೆಯಾಗಿರುವುದು ಒಂದು, ಎಲ್ಲವೂ ಒಂದಾಗಿರುವುದು ಇನ್ನೊಂದು. ಎರಡನೆಯದನ್ನು ಕಂಡ ಕೂಡಲೇ ಮೊದಲನೆಯದಕ್ಕೆ ಬದಲಿಸುವ ಒಂದು ಸಾಲು ಸೇರಿಸಿದ ಮೇಲೆ 127 ಅವಿಭಾಜ್ಯವಾಯಿತು. 2¹¹ − 1, ಅಂದರೆ 2047ಕ್ಕೆ ಸಾಲು 4, 14, 194, 788, 701, 119, 1877, 240, 282, 1736 ಎಂದು ಬಂದಿತು. ಕೊನೆಯದು ಸೊನ್ನೆಯಲ್ಲ, ಆದ್ದರಿಂದ ಸಂಯುಕ್ತ; 2047 = 23 × 89 ಆದ್ದರಿಂದ ಅದು ಸರಿಯೇ.

ಅದೇ ಸಂಜೆ ಘಾತಾಂಕವಾಗಿ 61ನ್ನು ಕೊಟ್ಟೆ, 2⁶¹ − 1 ಅವಿಭಾಜ್ಯವೆಂದಿತು. ಇದು ನಿಜ, ಮರ್ಸೆನ್ ಅವರ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಈ ಸಂಖ್ಯೆಯನ್ನು 1883ರಲ್ಲಿ ಪೆರ್ವುಶಿನ್ ಅವಿಭಾಜ್ಯವೆಂದು ತೋರಿಸಿದ್ದರು. 67ನ್ನು ಕೊಟ್ಟೆ, ಸಂಯುಕ್ತವೆಂದಿತು. ಮೊದಲ ಗುರಿ ಮುಗಿಯಿತೆಂದು ಗುರುತು ಹಾಕಿಕೊಂಡೆ. ಮರುದಿನ ಸುಮ್ಮನೆ ಇರಲೆಂದು 89ನ್ನು ಕೊಟ್ಟಾಗ ಪ್ರೋಗ್ರಾಂ ಅದನ್ನೂ ಸಂಯುಕ್ತವೆಂದಿತು. 2⁸⁹ − 1 ಅವಿಭಾಜ್ಯವೆಂದು 1911ರಿಂದಲೇ ತಿಳಿದಿದೆ. 107, 127 ಎಂಬ ಘಾತಾಂಕಗಳೆರಡಕ್ಕೂ ಅದೇ ತಪ್ಪು ಉತ್ತರ.

ತಪ್ಪು ಎಲ್ಲಿತ್ತೆಂದರೆ ಅಗಲದಲ್ಲಿ. ನಾನು ಬಳಸುತ್ತಿದ್ದದ್ದು 128-ಬಿಟ್ ಚರಗಳು. 61 ಬಿಟ್‌ನ ಸಂಖ್ಯೆಯನ್ನು ವರ್ಗ ಮಾಡಿದರೆ 122 ಬಿಟ್ ಬೇಕು, ಅದು ಹಿಡಿಸುತ್ತದೆ. 67 ಬಿಟ್‌ನದಕ್ಕೆ 134 ಬೇಕು. ಮೇಲಿನ ಆರು ಬಿಟ್‌ಗಳು ಸದ್ದಿಲ್ಲದೆ ಕಳೆದುಹೋಗುತ್ತಿದ್ದವು. ಅಂದರೆ 67ರ ವಿಷಯದಲ್ಲಿ ಪ್ರೋಗ್ರಾಂ ಕೊಟ್ಟಿದ್ದ ಸರಿ ಉತ್ತರ ಸಂಪೂರ್ಣ ತಪ್ಪು ಲೆಕ್ಕದಿಂದ ಬಂದದ್ದಾಗಿತ್ತು. ಅಡ್ಡಾದಿಡ್ಡಿಯಾದ ಶೇಷಗಳ ಸಾಲು ಕೊನೆಯಲ್ಲಿ ಸೊನ್ನೆಗೆ ಬಂದು ನಿಲ್ಲುವ ಸಂಭವವೇ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಕೆಟ್ಟ ಲ್ಯೂಕಾ–ಲೆಹ್ಮರ್ ಪ್ರೋಗ್ರಾಂ ಎದುರಿಗೆ ಬಂದ ಎಲ್ಲವನ್ನೂ ಸಂಯುಕ್ತವೆನ್ನುತ್ತದೆ, ಮತ್ತು ಸಂಯುಕ್ತ ಸಂಖ್ಯೆಯನ್ನು ಕೊಟ್ಟು ಅದನ್ನು ಪರೀಕ್ಷಿಸಿದರೆ ದೋಷ ಎಂದಿಗೂ ಕಾಣುವುದಿಲ್ಲ. ಇಂತಹ ಪ್ರೋಗ್ರಾಂ ಬರೆಯುವವರು ಅದನ್ನು ಅವಿಭಾಜ್ಯವೆಂದು ಗೊತ್ತಿರುವ ಸಂಖ್ಯೆಗಳಿಂದಲೇ ತಾಳೆ ನೋಡಬೇಕು, ಅದೂ ತಮ್ಮ ಗುರಿಗಿಂತ ದೊಡ್ಡದಾದವುಗಳಿಂದ.

ರಿಪೇರಿಗೆ ಗುಣಾಕಾರವನ್ನೇ ಬದಲಿಸಿದೆ. 2⁶⁷ಕ್ಕೆ ಶೇಷ 1 ಆಗಿರುವುದರಿಂದ, ಈ ಗಣಿತದಲ್ಲಿ ಒಂದು ಸಂಖ್ಯೆಯನ್ನು ದ್ವಿಗುಣಗೊಳಿಸುವುದೆಂದರೆ ಅದರ 67 ಬಿಟ್‌ಗಳ ಸಾಲನ್ನು ಒಂದು ಸ್ಥಾನ ಎಡಕ್ಕೆ ತಿರುಗಿಸಿ, ಎಡತುದಿಯಿಂದ ಹೊರಬಿದ್ದ ಬಿಟ್ಟನ್ನು ಬಲತುದಿಗೆ ತಂದು ಕೂರಿಸುವುದು. ಏಳು ಬಿಟ್‌ಗಳಲ್ಲಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: 100 ಎಂದರೆ 1100100, ತಿರುಗಿಸಿದರೆ 1001001, ಅಂದರೆ 73, 200ರಿಂದ 127 ಕಳೆದರೂ 73. ಹೀಗಾಗಿ ಒಂದು ಸಂಖ್ಯೆಯನ್ನು ತಿರುಗಿಸುತ್ತಾ, ಇನ್ನೊಂದರ ಯಾವ ಯಾವ ಬಿಟ್ ಒಂದಾಗಿದೆಯೋ ಅಲ್ಲೆಲ್ಲ ಕೂಡಿಸುತ್ತಾ ಹೋದರೆ ಗುಣಾಕಾರ ಮುಗಿಯುತ್ತದೆ, ಮತ್ತು ಯಾವ ಹಂತದಲ್ಲೂ ಮೊತ್ತ 128 ಬಿಟ್‌ಗಳನ್ನು ದಾಟುವುದಿಲ್ಲ. ನಿಧಾನವಾದ ಕ್ರಮ, ಆದರೆ 65 ವರ್ಗಗಳಿಗೆ ನಿಧಾನ ಎಂಬ ಮಾತೇ ಇಲ್ಲ. ಈಗ 61, 89, 107, 127 ನಾಲ್ಕೂ ಅವಿಭಾಜ್ಯವೆಂದು ಬಂದವು. 67 ಸಂಯುಕ್ತವೆಂದು ಬಂದಿತು. ಮೊದಲ ಗುರುತನ್ನು ಅಳಿಸಿ ಮತ್ತೆ ಹಾಕಿದೆ.

ಲ್ಯೂಕಾ ಪರೀಕ್ಷೆಯ ಬದಲು ಸುಲಭವಾದ ಫರ್ಮಾ ಪರೀಕ್ಷೆಯನ್ನೇ ಏಕೆ ಬಳಸಬಾರದೆಂದು ಕೇಳಬಹುದು. ಅವಿಭಾಜ್ಯ ಸಂಖ್ಯೆಯೊಂದಕ್ಕೆ, 2ನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿದರೆ ಶೇಷ 1 ಬರಬೇಕು ಎಂಬುದು ಆ ಪರೀಕ್ಷೆ. ಅದನ್ನೂ ಓಡಿಸಿದೆ, ಶೇಷ 1 ಬಂದಿತು. ಸಂಯುಕ್ತವೆಂದು ಸಾಧಿತವಾದ ಸಂಖ್ಯೆ ಅವಿಭಾಜ್ಯದ ವೇಷದಲ್ಲಿ ಪಾಸಾಯಿತು. ಅದನ್ನು ಬಿಗಿಗೊಳಿಸಿದ ಮಿಲ್ಲರ್–ರೇಬಿನ್ ಪರೀಕ್ಷೆಯೂ ಆಧಾರ (ಘಾತಕ್ಕೆ ಏರಿಸುವ ಸಂಖ್ಯೆ) 2 ಇದ್ದಾಗ ಹೀಗೆಯೇ ಮೋಸ ಹೋಗುತ್ತದೆ. ಇದು ಪ್ರೋಗ್ರಾಂನ ದೋಷವಲ್ಲ, ಸಂಖ್ಯೆಯ ಗುಣ. 2ರ ಘಾತಗಳು ಇಲ್ಲಿ ಪ್ರತಿ 67 ಹೆಜ್ಜೆಗೊಮ್ಮೆ 1ಕ್ಕೆ ಮರಳುತ್ತವೆ. ಸಂಖ್ಯೆಯಿಂದ ಒಂದು ಕಳೆದರೆ 2⁶⁷ − 2. ಅದರ ಅರ್ಧ 2⁶⁶ − 1, ಮತ್ತು 67 ಅವಿಭಾಜ್ಯವಾದ್ದರಿಂದ ಅದು 67ರ ಗುಣಕವೇ ಆಗಿರುತ್ತದೆ. ಆದ್ದರಿಂದ ಆ ಘಾತದಲ್ಲೂ 2 ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತದೆ. ಎರಡರಿಂದಲೇ ಕಟ್ಟಿದ ಸಂಖ್ಯೆಯ ಒಳಗನ್ನು ಎರಡರ ಕಣ್ಣಿನಿಂದ ನೋಡಲಾಗದು. ಈ ಮಾತನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರೂ ಎರಡು ದಿನಗಳ ನಂತರ ಮತ್ತೆ ಅದೇ ಗುಂಡಿಗೆ ಬಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಗುರಿ, ಒಡೆಯುವುದು. ಬೆಸ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡುವ ದಾರಿಯಲ್ಲಿ ಸುಮಾರು ಒಂಬತ್ತೂವರೆ ಕೋಟಿಗೂ ಹೆಚ್ಚು ಭಾಗಾಕಾರಗಳು ಬೇಕಾಗುತ್ತವೆ. ಆದರೆ ಸಂಖ್ಯೆಯ ಸ್ವರೂಪವೇ ಆ ರಾಶಿಯನ್ನು ಜರಡಿ ಹಿಡಿಯುತ್ತದೆ. ಅದನ್ನು ಭಾಗಿಸುವ ಅವಿಭಾಜ್ಯ ಪ ಯಾವುದೇ ಇರಲಿ, ಆ ಪ ಪ್ರಕಾರವೂ, ಅಂದರೆ ಪ ಇಂದ ಭಾಗಿಸಿ ಶೇಷ ನೋಡಿದಾಗಲೂ, 2ರ ಘಾತಗಳು 67 ಹೆಜ್ಜೆಗೆ 1ಕ್ಕೆ ಮರಳುತ್ತವೆ. ಆದ್ದರಿಂದ ಫರ್ಮಾ ಪ್ರಮೇಯದಂತೆ ಪ − 1 ಎಂಬುದು 67ರಿಂದ ಭಾಗವಾಗಲೇಬೇಕು, ಪ ಬೆಸವಾದ್ದರಿಂದ 134ರಿಂದಲೂ ಭಾಗವಾಗಬೇಕು. ಎರಡನೆಯ ಜರಡಿ ಇನ್ನೂ ಚೆಂದ. 2⁶⁷ಕ್ಕೆ ಶೇಷ 1 ಆದರೆ 2⁶⁸ಕ್ಕೆ ಶೇಷ 2. ಆದರೆ 2⁶⁸ ಎಂಬುದು 2³⁴ರ ವರ್ಗ. ಅಂದರೆ ಪ ಪ್ರಕಾರ 2 ಒಂದು ಪೂರ್ಣ ವರ್ಗದಂತೆ ವರ್ತಿಸುತ್ತದೆ, ಮತ್ತು ಹಾಗೆ ವರ್ತಿಸುವುದು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಸುವ ಅವಿಭಾಜ್ಯಗಳಲ್ಲಿ ಮಾತ್ರ. ಪ ಅನ್ನು 134 × ಕ + 1 ಎಂದು ಬರೆದರೆ, ಕ ಎಂಬುದನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಇರಬೇಕು ಎಂಬುದಷ್ಟೇ ಇದರ ಅರ್ಥ.

ಲೂಪ್ ಬರೆದದ್ದು ಹತ್ತು ಸಾಲು. ಇಪ್ಪತ್ತೊಂದು ಅಂಕಿಯ ಸಂಖ್ಯೆಯನ್ನು ಮುಟ್ಟುವುದೇ ಬೇಡ. ಪ್ರತಿ ಪ ಅನ್ನು ತೆಗೆದುಕೊಂಡು ಅದರ ಪ್ರಕಾರ 2⁶⁷ರ ಶೇಷ 1 ಬರುತ್ತದೆಯೇ ಎಂದು ನೋಡಿದರೆ ಸಾಕು, ಅದಕ್ಕೆ ಆರು ವರ್ಗಗಳು, ಎರಡು ದ್ವಿಗುಣಗಳು. ಕ = 1445580 ಆದಾಗ ಲೂಪ್ ನಿಂತಿತು. ಸಿಕ್ಕ ಅಪವರ್ತನ 193707721. ಆ ಹೊತ್ತಿಗೆ ಪರೀಕ್ಷೆಗೆ ಒಳಗಾಗಿದ್ದವು 7,22,790 ಸಂಖ್ಯೆಗಳು. 3, 5, 7ರ ಗುಣಕಗಳನ್ನು ಮೊದಲೇ ಬಿಟ್ಟಿದ್ದರೆ ಸುಮಾರು 3,30,000 ಸಾಕಾಗುತ್ತಿದ್ದವು. ಯಂತ್ರಕ್ಕೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕಾಗದದ ಮೇಲೆ ಲೆಕ್ಕ ಹಾಕುವವರಿಗೆ ಇದು ಎಷ್ಟು ವರ್ಷಗಳ ಕೆಲಸವೆಂದು ಯೋಚಿಸಿದಾಗ ಕೋಲ್ ಅವರ ಶ್ರಮದ ಬಗ್ಗೆ ಗೌರವ ಹೆಚ್ಚುತ್ತದೆ. ಮೂರು ವರ್ಷಗಳ ಭಾನುವಾರಗಳು ಹಿಡಿದವು ಎಂದು ಅವರು ಹೇಳಿದರೆಂಬ ಕಥೆ ಗಣಿತದ ಬಳಗದಲ್ಲಿ ಪ್ರಸಿದ್ಧವಾಗಿದೆ.

ಉತ್ತರ ಸಿಕ್ಕಿತ್ತು, ಆದರೆ ನನಗೆ ಅಲ್ಲಿಗೇ ನಿಲ್ಲಲು ಮನಸ್ಸಾಗಲಿಲ್ಲ. ಈ ಹುಡುಕಾಟದ ಶ್ರಮ ಅಪವರ್ತನದ ಗಾತ್ರವನ್ನು ಅವಲಂಬಿಸಿದೆ. ಅದರ ಒಳರಚನೆಯನ್ನು ಹಿಡಿದು ಹೋಗುವ ದಾರಿ ಒಂದಿದೆ. 1974ರಲ್ಲಿ ಜಾನ್ ಪೊಲಾರ್ಡ್ ಪ್ರಕಟಿಸಿದ ಪ − 1 ವಿಧಾನ ಅದು. ಒಂದು ಆಧಾರ ಸಂಖ್ಯೆಯನ್ನು ತೆಗೆದುಕೊಂಡು, ಒಂದು ಮಿತಿಯೊಳಗಿನ ಎಲ್ಲ ಅವಿಭಾಜ್ಯಗಳ ಘಾತಕ್ಕೆ ಒಂದಾದ ಮೇಲೊಂದರಂತೆ ಏರಿಸುತ್ತಾ ಹೋಗಬೇಕು. ಪ − 1ರ ಎಲ್ಲ ಅಪವರ್ತನಗಳೂ ಆ ಮಿತಿಯೊಳಗೆ ಬಂದರೆ ಫಲಿತಾಂಶ ಪ ಪ್ರಕಾರ 1 ಆಗುತ್ತದೆ. ಆಗ ಅದರಿಂದ 1 ಕಳೆದು, ಮೂಲ ಸಂಖ್ಯೆಯೊಂದಿಗೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆದರೆ ಪ ತಾನಾಗಿಯೇ ಹೊರಬೀಳುತ್ತದೆ.

ಆಧಾರವಾಗಿ ಅಭ್ಯಾಸಬಲದಿಂದ 2ನ್ನೇ ಹಾಕಿದೆ. ಮಿತಿ 60 ಇಟ್ಟಾಗ ಮ.ಸಾ.ಅ. 1. ಮಿತಿ 100 ಇಟ್ಟಾಗ ಮ.ಸಾ.ಅ. ಆಗಿ ಬಂದದ್ದು ಇಪ್ಪತ್ತೊಂದು ಅಂಕಿಯ ಇಡೀ ಸಂಖ್ಯೆಯೇ. ಮಧ್ಯದಲ್ಲಿ ಎಲ್ಲಿ ನಿಲ್ಲಿಸಿದರೂ ಈ ಎರಡರಲ್ಲಿ ಒಂದೇ ಬರುತ್ತಿತ್ತು. ಯೂಕ್ಲಿಡ್ ಕ್ರಮದ ಮ.ಸಾ.ಅ. ಭಾಗವನ್ನು ಅನುಮಾನಿಸಿ ಒಂದು ಗಂಟೆ ಅದನ್ನೇ ಕೆದಕಿದೆ; ಅದರಲ್ಲಿ ಏನೂ ತಪ್ಪಿರಲಿಲ್ಲ. ಬಳಿಕ ನೆನಪಾಯಿತು: 67 ಎಂಬ ಅವಿಭಾಜ್ಯ ಘಾತದೊಳಗೆ ಸೇರಿದ ಕ್ಷಣದಲ್ಲೇ 2 ಎರಡೂ ಅಪವರ್ತನಗಳ ಪ್ರಕಾರ ಒಟ್ಟಿಗೆ 1 ಆಗಿಬಿಡುತ್ತದೆ, ಅದಕ್ಕೆ ಮೊದಲು ಎರಡರ ಪ್ರಕಾರವೂ ಆಗುವುದಿಲ್ಲ. ಫರ್ಮಾ ಪರೀಕ್ಷೆಯನ್ನು ಕುರುಡಾಗಿಸಿದ ಗುಣವೇ ಇಲ್ಲೂ ಅಡ್ಡ ಬಂದಿತ್ತು.

ಆಧಾರವನ್ನು 3 ಮಾಡಿ, ಈ ಸಲ ಧಾರಾಳವಾಗಿ ಮಿತಿಯನ್ನು 10,000 ಇಟ್ಟೆ. ಮತ್ತೆ ಇಡೀ ಸಂಖ್ಯೆಯೇ ಬಂದಿತು. ಈಗ ಕಾರಣ ಬೇರೆ, ಮತ್ತು ಅದು ತಿಳಿದದ್ದು ನನ್ನ ಕೈಯಲ್ಲಿ ಆಗಲೇ ಇದ್ದ ಎರಡು ಅಪವರ್ತನಗಳಿಂದ ಒಂದೊಂದನ್ನು ಕಳೆದು ಒಡೆದಾಗ. 193707720 ಎಂದರೆ 2³ × 3³ × 5 × 67 × 2677. ಇನ್ನೊಂದು ಅಪವರ್ತನ 761838257287ರಿಂದ ಒಂದು ಕಳೆದರೆ 2 × 3² × 29 × 67 × 2551 × 8539. ಜರಡಿಯಲ್ಲಿ ಹೇಳಿದ 67 ಎರಡರಲ್ಲೂ ಕುಳಿತಿರುವುದನ್ನು ನೋಡಿ. ಮೊದಲನೆಯದು 2677ರಲ್ಲಿ ಸಡಿಲಗೊಳ್ಳುತ್ತದೆ, ಎರಡನೆಯದು 8539ರಲ್ಲಿ. ಹತ್ತು ಸಾವಿರದ ಮಿತಿ ಎರಡನ್ನೂ ದಾಟಿಹೋಗಿದ್ದರಿಂದ ಎರಡೂ ಅಪವರ್ತನಗಳು ಒಂದೇ ಬಲೆಯಲ್ಲಿ ಒಟ್ಟಾಗಿ ಸಿಕ್ಕಿ ಬೇರ್ಪಡಲಿಲ್ಲ. ಹನ್ನೆರಡು ಅಂಕಿಯ ಅವಿಭಾಜ್ಯವೊಂದರಲ್ಲಿ ಇಷ್ಟು ಸಣ್ಣ ತುಂಡುಗಳೇ ತುಂಬಿರುವುದು ಅಪರೂಪ. ಎರಡೂ ಅಪವರ್ತನಗಳು ಹೀಗಿರುವುದು ಈ ಸಂಖ್ಯೆಯ ವಿಶೇಷವೆಂದೇ ನನಗೆ ತೋರುತ್ತದೆ.

ರಿಪೇರಿ ಸಣ್ಣದು. ಕೊನೆಯಲ್ಲಿ ಒಮ್ಮೆ ಮ.ಸಾ.ಅ. ತೆಗೆಯುವ ಬದಲು, ಪ್ರತಿ ಅವಿಭಾಜ್ಯದ ನಂತರವೂ ತೆಗೆದು ನೋಡುವಂತೆ ಮಾಡಿದೆ. 2, 3, 5ರಿಂದ ಹೊರಟು 2671ರ ವರೆಗೆ ಪ್ರತಿ ಸಲವೂ 1, 1, 1 ಎಂದೇ ಬರುತ್ತಿದ್ದ ಸಾಲು, 2677 ಬಂದಾಗ 193707721 ಎಂದು ಬರೆದು ನಿಂತಿತು. ಒಟ್ಟು ಸುಮಾರು 4,000 ವರ್ಗಗಳಲ್ಲಿ ಕೆಲಸ ಮುಗಿದಿತ್ತು. ಹಿಂದಿನ ಲೂಪ್ ಏಳು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳನ್ನು ತಡಕಿತ್ತು. ಎರಡು ಅಪವರ್ತನಗಳು ವರ್ಗಮೂಲದ ಸಮೀಪದಲ್ಲಿದ್ದರೆ ಎರಡು ವರ್ಗಗಳ ವ್ಯತ್ಯಾಸವಾಗಿ ಒಡೆಯುವ ಫರ್ಮಾ ಅವರ ಕ್ರಮವನ್ನೂ ಬಳಸಬಹುದಿತ್ತು, ಆದರೆ ಇಲ್ಲಿ ದೊಡ್ಡದು ಚಿಕ್ಕದರ ಸುಮಾರು 3,933 ಪಟ್ಟು ಇರುವುದರಿಂದ ಆ ದಾರಿಯಲ್ಲಿ 36,000 ಕೋಟಿಗೂ ಹೆಚ್ಚು ಹೆಜ್ಜೆಗಳು ಬೇಕು. ಅದನ್ನು ಬರೆಯಲೇ ಇಲ್ಲ.

ಗುಣಲಬ್ಧವನ್ನು ಮಾತ್ರ ಯಂತ್ರಕ್ಕೆ ಬಿಡದೆ ಕಾಗದದ ಮೇಲೆಯೇ ಮಾಡಿದೆ. 193707721ನ್ನು 193, 707, 721 ಎಂದು ಮೂರು ತುಂಡು ಮಾಡಿ, ಒಂದೊಂದರಿಂದಲೂ 761838257287ನ್ನು ಗುಣಿಸಿದರೆ ಕ್ರಮವಾಗಿ 147034783656391, 538619647901909, 549285383503927 ಬರುತ್ತವೆ. ಮೊದಲನೆಯದಕ್ಕೆ ಆರು ಸೊನ್ನೆ, ಎರಡನೆಯದಕ್ಕೆ ಮೂರು ಸೊನ್ನೆ ಸೇರಿಸಿ ಮೂರನ್ನೂ ಒಂದರ ಕೆಳಗೊಂದು ಬರೆದು ಕೂಡಿದಾಗ 147573952589676412927 ಬಂದಿತು.

ಮೂರನೆಯ ಗುರಿ, ಈ ಎರಡು ತುಂಡುಗಳು ಅವಿಭಾಜ್ಯವೆಂಬ ಪುರಾವೆ. ಇಲ್ಲಿ ಜರಡಿ ಮತ್ತೊಮ್ಮೆ ಕೈಹಿಡಿಯುತ್ತದೆ, ಏಕೆಂದರೆ ತುಂಡನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇದ್ದರೂ ಅದು ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ. ಆದ್ದರಿಂದ ಅದೂ 134 × ಕ + 1 ಎಂಬ ರೂಪದಲ್ಲೇ ಇರಬೇಕು, ಕ ಅನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಬರಲೂಬೇಕು. ದೊಡ್ಡ ತುಂಡಿನ ವರ್ಗಮೂಲ 872833ಕ್ಕೆ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ನೋಡಬೇಕಾದ ಸಂಖ್ಯೆಗಳು 3,257 ಮಾತ್ರ. ಪ್ರೋಗ್ರಾಂ ಎಲ್ಲವನ್ನೂ ನೋಡಿತು, ಯಾವುದೂ ಭಾಗಿಸಲಿಲ್ಲ.

ಚಿಕ್ಕ ತುಂಡನ್ನು ಕೈಲೆಕ್ಕಕ್ಕೆ ಉಳಿಸಿಕೊಂಡೆ. 193707721ರ ವರ್ಗಮೂಲ 13917 ಮತ್ತು 13918ರ ನಡುವೆ ಇದೆ. ಕ 103ನ್ನು ದಾಟುವಂತಿಲ್ಲ, ನಾಲ್ಕರ ಷರತ್ತನ್ನು ಸೇರಿಸಿದರೆ ಉಳಿಯುವುದು 51 ಸಂಖ್ಯೆಗಳು. ಅವುಗಳಲ್ಲಿ 3, 5, 7, 11, 13ರ ಗುಣಕಗಳನ್ನು ತೆಗೆದುಹಾಕಿದರೆ 18. ಒಂಬತ್ತು ಅಂಕಿಯ ಸಂಖ್ಯೆಯೊಂದು ಅವಿಭಾಜ್ಯವೆಂದು ಹದಿನೆಂಟು ಭಾಗಾಕಾರಗಳಲ್ಲಿ ಸಾಧಿಸಬಹುದು ಎಂಬುದು ಕಾಗದದ ಮೇಲೆ ಮಾಡುವವರೆಗೆ ನನಗೆ ನಂಬಲಾಗಲಿಲ್ಲ. ಮೊದಲನೆಯದು 1073, ಶೇಷ 104. ಮೂರನೆಯದಾದ 1609ಕ್ಕೆ ಶೇಷ 211. ಹೀಗೆ ಒಂದೊಂದನ್ನೇ ಗೀಟು ಹಾಕುತ್ತಾ ಬಂದು ಕೊನೆಯಲ್ಲಿ ಉಳಿದದ್ದು 12329. ಅದನ್ನು 15711ರಿಂದ ಗುಣಿಸಿದರೆ 193700919, ಶೇಷ 6802.